ತೂಕಕ್ಕೆ ಸರಿಯಿದ್ದ ಉಪ್ಪಿಟ್ಟು

ವಿದ್ಯಾರ್ಥಿನಿಲಯಗಳ ಊಟದ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ನನ್ನ ಮಗಳು ಯಶಸ್ವಿನಿಯನ್ನು ಹೊರಹಾಕಿದ್ದೀರಿ. ನಿಮ್ಮ ಆದೇಶದ ಪ್ರಕಾರ ಅವಳ ಅಪರಾಧ 'ಅಧಿಕಾರಿಯೊಂದಿಗೆ ಅನುಚಿತ ವರ್ತನೆ'. ಅವಳು ನಿಮ್ಮನ್ನು ಊಟಕ್ಕೆ ಕರೆದಳು, ಅಷ್ಟೇ. ನಮ್ಮ ತೂಬಗೆರೆ ಕಡೆ ಅದಕ್ಕೆ ಮರ್ಯಾದೆ ಎನ್ನುತ್ತಾರೆ.

ಹೋದ ವರ್ಷದವರೆಗೆ ಆ ಹಾಸ್ಟೆಲಿನಲ್ಲಿ ಅಡುಗೆಯ ಮುತ್ಯಾಲಮ್ಮ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಮಾಡಿ ಹಾಕುತ್ತಿದ್ದಳು. ಅದೇನೂ ಹಬ್ಬದೂಟವಲ್ಲ, ಕೆಲವು ದಿನ ಸಾರು ನೀರುನೀರಾಗಿರುತ್ತಿತ್ತು. ಈ ಜೂನ್‌ನಲ್ಲಿ ತಾವು ಒಲೆ ಆರಿಸಿ, ಪುಡಿಯ ಚೀಲಗಳನ್ನು ಇಳಿಸಿದಿರಿ. ಬಿಸಿನೀರಿಗೆ ಸುರಿದರೆ ಐದೇ ನಿಮಿಷಕ್ಕೆ ಉಪ್ಪಿಟ್ಟು. ರಾತ್ರಿ ಅನ್ನಕ್ಕೆ ಅದೇ ಕಂಪನಿಯ ಸಾರಿನ ಪುಡಿ. ಸೌದೆ ಉಳಿಯಿತು, ಹೊತ್ತು ಉಳಿಯಿತು, ಇದು ಹೊಸ ಕಾಲದ ಊಟ ಎಂದು ಭಾಷಣವನ್ನೂ ಮಾಡಿದಿರಿ. ಮುತ್ಯಾಲಮ್ಮ ನನಗೆ ಹೇಳಿದ್ದು ಬೇರೆ: "ನಾನೀಗ ಅಡುಗೆಯವ್ಳಲ್ಲ ಕಣಣ್ಣ, ನೀರು ಕಾಯ್ಸೋಳು."

ಜುಲೈನಲ್ಲಿ ಮಗಳನ್ನು ನೋಡಲು ಹೋದೆ. ಕೆನ್ನೆ ಒಳಗೆ ಹೋಗಿತ್ತು.

"ಏನವ್ವ, ಊಟ ಹಾಕಲ್ವಾ?" ಎಂದೆ.

"ತಟ್ಟೆ ತುಂಬ ಹಾಕ್ತಾರಪ್ಪ. ಉಣ್ಣೋವಾಗ ಹೊಟ್ಟೆ ಉಬ್ಬುತ್ತೆ. ಸ್ಕೂಲಿಗೆ ಹೋಗೋಷ್ಟ್ರಲ್ಲಿ ಮತ್ತೆ ಹಸಿವಾಗುತ್ತೆ."

ಮುಂದಿನ ವಾರ ಅವಳ ಜೊತೆಯ ಹುಡುಗಿ, ದೊಡ್ಡಬೆಳವಂಗಲದ ಆಶಾರಾಣಿ, ಪ್ರಾರ್ಥನೆಗೆ ನಿಂತಲ್ಲೇ ತಲೆ ಸುತ್ತಿ ಮೆಟ್ಟಿಲ ಮೇಲೆ ಬಿದ್ದಳು. ಮುಂದಿನ ಹಲ್ಲು ಮುರಿಯಿತು. ಮೈಯಲ್ಲಿ ರಕ್ತವೇ ಇಲ್ಲ, ಸೊಪ್ಪು, ಕಾಳು, ರಾಗಿ ಕೊಡಿ ಎಂದರು ಡಾಕ್ಟರು. ಹಾಸ್ಟೆಲಿನವರು ಒಂದು ಬಾಟಲಿ ಟಾನಿಕ್ ಕೊಟ್ಟು ಮತ್ತೆ ಉಪ್ಪಿಟ್ಟಿನ ಮುಂದೆ ಕೂರಿಸಿದರು.

ಹೆತ್ತವರೆಲ್ಲ ಸೇರಿ ದೂರು ಕೊಟ್ಟೆವು. ತಾವು ಬಂದಿರಿ, ತಕ್ಕಡಿಯೊಂದಿಗೆ! ಒಂದು ತಟ್ಟೆ ಉಪ್ಪಿಟ್ಟು ತೂಗಿಸಿ, "ತೂಕ ಸರಿಯಾಗಿದೆಯಲ್ರೀ, ಇನ್ನೇನು ಬೇಕು ನಿಮಗೆ?" ಎಂದಿರಿ. ಸ್ವಾಮಿ, ಸಿಮೆಂಟಿಗೂ ತೂಕವಿರುತ್ತದೆ. ಅದನ್ನು ತಿಂದು ಯಾವ ಮಗು ಬೆಳೆದಿದೆ?

ಅಷ್ಟರಲ್ಲಿ ಊಟದ ಹೊತ್ತಾಯಿತು. ನಾನೂ ನನ್ನ ಹೆಂಡತಿ ಬೈರಮ್ಮನೂ ಜಗುಲಿಯಲ್ಲೇ ನಿಂತಿದ್ದೆವು. ತಮ್ಮ ಡ್ರೈವರು ಜೀಪಿನಿಂದ ಕ್ಯಾರಿಯರ್ ತಂದು ಮುಚ್ಚಳ ತೆಗೆದ. ಒಳಗಿದ್ದದ್ದು ಮುದ್ದೆ, ಬಸ್ಸಾರು. "ಶುಗರ್ ಇದೆ, ಡಾಕ್ಟ್ರು ರಾಗೀನೇ ತಿನ್ನಿ ಅಂದಿದಾರೆ" ಎಂದು ವಾರ್ಡನ್‌ಗೆ ಹೇಳಿದಿರಿ. ಸಾಲಿನಲ್ಲಿ ಕೂತಿದ್ದ ಮಕ್ಕಳೆಲ್ಲ ಆ ಕಡೆಗೇ ತಿರುಗಿದರು. ಯಶಸ್ವಿನಿ ತನ್ನ ತಟ್ಟೆ ಹಿಡಿದು ಎದ್ದು ಬಂದಳು.

"ಸಾರ್, ಇವತ್ತೊಂದಿನ ನಮ್ಮೂಟ ನೀವು ಉಣ್ಣಿ. ನಿಮ್ ಮುದ್ದೆ ಆಶಾರಾಣಿಗೆ ಕೊಡಿ ಸಾರ್."

ತಟ್ಟೆಯನ್ನು ತಮ್ಮ ಮುಂದಿಟ್ಟಳು. ಬೈರಮ್ಮ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಳು. ತಾವು ಉಣ್ಣದೆ ಜೀಪು ಹತ್ತಿದಿರಿ. ಅದೇ ವಾರ ಆದೇಶ ಬಂತು.

ಈಗ ಮಗಳು ತೂಬಗೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಸ್ಕೂಲಿಗೆ ಹೋಗಿಬರುತ್ತಾಳೆ. ಬೈರಮ್ಮ ಆಶಾರಾಣಿಗೂ ಸೇರಿಸಿ ಮುದ್ದೆ ಕಟ್ಟಿಕೊಡುತ್ತಾಳೆ. ಹಾಸ್ಟೆಲಿನ ಗೇಟಿನಲ್ಲಿ ಹುಡುಗಿಯರ ಚೀಲ ತಡಕುತ್ತಾರಂತೆ, 'ಹೊರಗಿನ ಆಹಾರ ನಿಷೇಧ'ವಂತೆ! ಹಾಗಾಗಿ ಇಬ್ಬರೂ ಸ್ಕೂಲಿನ ಹೊಂಗೆಮರದ ಕೆಳಗೇ ಉಣ್ಣುತ್ತಾರೆ. ನಮ್ಮ ಹೊಲದ ರಾಗಿ ಹೊರಗಿನದು, ಯಾವ ಊರಿನದೋ ಪುಡಿ ಒಳಗಿನದೇ? ಉಳಿದ ಮಕ್ಕಳಿಗೆ ಯಾವ ಮರ ತೋರಿಸುತ್ತೀರಿ?

ನನ್ನ ಮಗಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಬೇಡಲು ಇದನ್ನು ಬರೆಯುತ್ತಿಲ್ಲ. ಹಾಸ್ಟೆಲಿನ ಒಲೆ ಹಚ್ಚಿಸಿ. ಬರುವ ಸೋಮವಾರದೊಳಗೆ ಹಚ್ಚದಿದ್ದರೆ ನಾವು ಹೆತ್ತವರು ಕಲ್ಲು, ಸೌದೆ, ಹಿಟ್ಟು ಹೊತ್ತು ಬಂದು ತಮ್ಮ ಕಚೇರಿಯ ಮುಂದೆಯೇ ಒಲೆ ಹೂಡುತ್ತೇವೆ. ಕೆಲಸ ಹೋದರೂ ಹೋಗಲಿ, ಮುದ್ದೆ ತೊಳಸಲು ಬರುತ್ತೇನೆ ಎಂದಿದ್ದಾಳೆ ಮುತ್ಯಾಲಮ್ಮ. ಪೊಲೀಸರನ್ನು ಕರೆಸುವುದಾದರೆ ಮೊದಲೇ ತಿಳಿಸಿ. ಅವರಿಗೂ ಸೇರಿಸಿ ಹಿಟ್ಟು ತರುತ್ತೇವೆ.

ಇಂತಿ,
ಊರಿಗೆಲ್ಲ ರಾಗಿ ಬೆಳೆದು, ಮಗಳ ತಟ್ಟೆಗೆ ಮುದ್ದೆ ಬೇಡುತ್ತಿರುವ
ಆದಿನಾರಾಯಣಪ್ಪ
ತೂಬಗೆರೆ ಹೋಬಳಿ, ಆಗಸ್ಟ್ ೧೯೯೬