ಬಲಕ್ಕೆ ಬಿದ್ದ ಹೂವು

ಜೂನ್ 17, ಮಂಗಳವಾರ

ಆ ಹುಡುಗಿ ಕೇಳಿದ್ದು ತಲೆಯಿಂದ ಹೋಗುತ್ತಿಲ್ಲ.

ಲಗ್ಗೆರೆಯ ಧನ್ಯಶ್ರೀ. ಮೈಯ ರಕ್ಷಣಾಶಕ್ತಿಯೇ ಮೈಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಈಗ ಕಿಡ್ನಿಗೂ ಬಂದಿದೆ. ಡಾಕ್ಟರು ಇಂಜೆಕ್ಷನ್ ಇಲ್ಲವೇ ಮಾತ್ರೆ ಎಂದು ಎರಡು ದಾರಿ ಹೇಳಿ, ಬಿಡಿಸಿ ತಿಳಿಸಲು ಎಂದಿನಂತೆ ಆಸ್ಪತ್ರೆಯ ಕೌನ್ಸೆಲರ್ ಆದ ನನ್ನ ಹತ್ತಿರ ಕಳಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳ ತಾಯಿ, “ಅಮ್ಮನವರ ಹತ್ರ ಹೂವು ಕೇಳಿದ್ವಿ ಮೇಡಂ. ಬಲಕ್ಕೆ ಬಿದ್ರೆ ಇಂಜೆಕ್ಷನ್ ಅಂದ್ಕೊಂಡಿದ್ವಿ. ಬಲಕ್ಕೇ ಬಿತ್ತು” ಅಂದರು.

ಸಿಟ್ಟು ಬಂತು, ನುಂಗಿಕೊಂಡೆ. ಇಂಜೆಕ್ಷನ್ ಆದರೆ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಮಾತ್ರೆಯಾದರೆ ವರ್ಷಗಟ್ಟಲೆ ತಪ್ಪದೆ ನುಂಗಬೇಕು ಎಂದು ಬಿಡಿಸಿ ಹೇಳಿದೆ. ಮಕ್ಕಳ ಮಾತು ಬಂದದ್ದೇ ತಾಯಿಯ ಮುಖ ಇಳಿದುಹೋಯಿತು. ಧನ್ಯಶ್ರೀ ಮಾತ್ರ ನನ್ನನ್ನೇ ನೋಡಿದಳು. “ನೀವಾಗಿದ್ರೆ ಯಾವ್ದು ತಗೋತಿದ್ರಿ ಅಕ್ಕಾ?”

“ನಿರ್ಧಾರ ನಿಂದೇ ಕಣಮ್ಮ” ಅಂದೆ. ನನ್ನ ಕೆಲಸದಲ್ಲಿ ಹಾಗೇ ಹೇಳಬೇಕು. ನನಗೂ ಇದೇ ಕಾಯಿಲೆ, ನಾನು ಇಂಜೆಕ್ಷನ್ ತೆಗೆದುಕೊಂಡವಳು ಎಂದು ಹೇಳಲಿಲ್ಲ.

ಹೊರಡುವಾಗ ತಾಯಿ ಅವಳ ಕೈ ಹಿಡಿದುಕೊಂಡು, “ಇನ್ನೊಂದ್ಸಲ ಕೇಳೋಣ ಬಾರೇ. ಈ ಸಲ ಎಲ್ಲಾನೂ ಹೇಳಿ, ನಿನ್ ಮನಸಲ್ಲಿ ಏನಿದೆ ಅದನ್ನೂ ಹೇಳಿ ಕೇಳೋಣ” ಅಂದರು.

ವಿಜಯನಗರದ ಈ ರೂಮಿಗೆ ಬಂದು ಬೆಳಗಿನ ಅನ್ನಕ್ಕೇ ಮೊಸರು ಕಲಸಿಕೊಂಡೆ. ಅರ್ಧ ತಟ್ಟೆಯಲ್ಲೇ ಉಳಿದಿದೆ.

ಇಂಜೆಕ್ಷನ್‌ಗೆ ಒಪ್ಪಿ ನಾನು ಸಹಿ ಹಾಕಿದ ದಿನ ನನಗೆ ಎಲ್ಲವೂ ಗೊತ್ತಿತ್ತು. ನನಗೋಸ್ಕರ ಹೂವು ಕೇಳುವವರು ಯಾರೂ ಇರಲಿಲ್ಲ.