ನಿಮ್ಮಪ್ಪನ ಕಣ್ಣು, ಈಜುಕೊಳದ ನೆಲ

ಭಾನುವಾರ, ಮಾರ್ಚ್ ೯
ಈಜುಕೊಳದ ಬಾಗಿಲ ಬಳಿಯಿಂದ

ನನ್ನ ಮುದ್ದಿನ ಚಿನಕುರುಳಿ,

ಈ ಕಾಗದವನ್ನು ನೀನು ಕೆಲಸ ಮಾಡುವ ಹಡಗಿನ ಎಂಜಿನ್ ಸದ್ದಿನ ನಡುವೆ ಓದುತ್ತೀಯೋ, ಬಂದರಿನಲ್ಲಿಳಿದು ಕಾಫಿ ಕುಡಿಯುತ್ತಾ ಓದುತ್ತೀಯೋ ಗೊತ್ತಿಲ್ಲ. ಎಲ್ಲೇ ಓದಿದರೂ ಮೊದಲು ಕೂತುಕೋ. ಗಾಬರಿಪಡುವಂಥದ್ದೇನೂ ಇಲ್ಲ. ಇದ್ದ ಕಷ್ಟ ಕಳೆದಿದೆ. ನಾನು ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಹೊಸ ಈಜುಕೊಳದ ಮುಂದಿನ ಹಜಾರ. ನಿನ್ನೆ ಟೈಲ್ಸ್ ಸಂದುಗಳನ್ನು ತುಂಬಿ ಮುಗಿಸಿದೆವು, ಇವತ್ತು ಒಣಗಬೇಕು. ಯಾರೂ ಕಾಲಿಡದ ಹಾಗೆ ನಿಮ್ಮಪ್ಪ ಗೇಟಿನಲ್ಲಿ ಕಾವಲು ನಿಂತಿದ್ದಾರೆ. ಗಾಜಿಗೆ ಮೂಗು ಒತ್ತಿಕೊಂಡು ಇಣುಕುವ ಮಕ್ಕಳನ್ನು ಗದರಿಸಿ ಓಡಿಸುವುದು, ಆಮೇಲೆ ತಾವೇ ಕರೆದು ನೆಲ ತೋರಿಸುವುದು, ಬೆಳಗಿನಿಂದ ಇದೇ ನಡೆದಿದೆ.

ನೀನು ಫೋನಿಗೆ ಸಿಕ್ಕಾಗಲೆಲ್ಲ ನಾನು ಎಲ್ಲ ಚೆನ್ನಾಗಿದೆ ಎಂದೆ. ಅದು ಪೂರ್ತಿ ನಿಜವಲ್ಲ. ಹೇಳಬಾರದೆಂದು ನಿಮ್ಮಪ್ಪ ಪಕ್ಕದಲ್ಲೇ ನಿಂತು ಕಣ್ಣು ಬಿಡುತ್ತಿದ್ದರು. ಈಗ ಹೇಳಹೊರಟಿರುವುದು ಆ ಕಣ್ಣಿನ ಕಥೆಯನ್ನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ನೆಲ ಹಾಕುತ್ತಿದ್ದೆವು. ಎಂದಿನಂತೆ ನಿಮ್ಮಪ್ಪ ಟೈಲ್ಸ್ ಕೂರಿಸುವುದು, ನಾನು ಅಂಟು ಕಲಸುವುದು. ನಿನಗೆ ಗೊತ್ತಲ್ಲ, ನಿಮ್ಮಪ್ಪ ದಾರ ಕಟ್ಟಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಸಾಲಿನುದ್ದಕ್ಕೂ ನೋಡುತ್ತಾರೆ. ಅವತ್ತು ನೋಡಿದವರೇ ಸಾಲು ಬಾಗಿದೆ ಎಂದರು. ನನಗೆ ನೆಟ್ಟಗೇ ಕಂಡಿತು. ನನ್ನ ಮಾತು ಕೇಳಲಿಲ್ಲ. ನಾನು ಅಂಟು ನೀರು ಮಾಡಿದ್ದೇ ಕಾರಣ ಎಂದು ಬೈದು, ಗಟ್ಟಿಯಾಗಿ ಕೂತಿದ್ದ ಎರಡು ಸಾಲನ್ನೂ ಕಿತ್ತು ಮತ್ತೆ ಹಾಕಿದರು. ಆಗಲೂ ಬಾಗಿತ್ತಂತೆ. ಡಾಕ್ಟರೇ ಬಂದು ಉದ್ದನೆಯ ಸ್ಕೇಲು ಇಟ್ಟು ತೋರಿಸಿದರೆ, ಸ್ಕೇಲೇ ಸೊಟ್ಟ ಎನ್ನಬೇಕೆ! ನನಗೆ ನಗು, ಸಿಟ್ಟು ಎರಡೂ ಬಂದವು.

ಮನೆಗೆ ಬಂದ ಮೇಲೆ ಅವರು ಊಟದ ಮೇಜಿನ ಎದುರು ಕೂತರು. ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನಿನ್ನ ಮೂಗು ಸೊಟ್ಟಗೆ ಕಾಣ್ತಿದೆ ಕಣೇ. ನಿಂದು ಯಾವತ್ತೂ ಸೊಟ್ಟ ಇರಲಿಲ್ಲ."

ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮೂಗಿನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ. ಆದರೆ ಖುಷಿಪಡುವ ಹೊತ್ತಾಗಿರಲಿಲ್ಲ. ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದೆ.

ಅಲ್ಲಿ ಡಾಕ್ಟರಮ್ಮ ಒಂದು ಹಾಳೆ ಕೊಟ್ಟರು. ಹಾಳೆಯ ತುಂಬ ಸಣ್ಣ ಸಣ್ಣ ಚೌಕ, ನಡುವೆ ಒಂದು ಚುಕ್ಕೆ. ಎಡಗಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ, ಏನು ಕಾಣುತ್ತದೆ ಹೇಳಿ ಎಂದರು. ನಿಮ್ಮಪ್ಪ ಬಹಳ ಹೊತ್ತು ನೋಡಿದರು.

"ಇದನ್ನ ಹಾಕಿದವರು ಯಾರಮ್ಮ? ನಡುವೆ ಎಲ್ಲಾ ಎದ್ದುಬಿಟ್ಟಿದೆ."

ಡಾಕ್ಟರಮ್ಮ ನಗಲಿಲ್ಲ. ಕಣ್ಣಿನ ಚಿತ್ರ ತೆಗೆಸಿ, ಕಂಪ್ಯೂಟರಿನಲ್ಲಿ ತೋರಿಸುತ್ತಾ ವಿವರಿಸಿದರು. ಕಣ್ಣಿನ ಹಿಂದಿನ ಪರದೆಗೆ ರೆಟಿನಾ ಎನ್ನುತ್ತಾರಂತೆ. ಅದರ ನಟ್ಟನಡುವಿನ ಭಾಗದ ಅಡಿಯಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ನೀರು ಜಿನುಗಿಸುತ್ತಿವೆ, ಅದಕ್ಕೇ ಪರದೆ ಉಬ್ಬಿದೆ, ವಯಸ್ಸಾದವರಲ್ಲಿ ಇದು ಬರುವುದುಂಟು ಎಂದರು. ನಿಮ್ಮಪ್ಪನಿಗೆ ತಕ್ಷಣ ಅರ್ಥವಾಯಿತು. ನೆಲದಡಿ ಪೈಪು ಸೋರಿದರೆ ಟೈಲ್ಸ್ ಏಳುತ್ತದಲ್ಲ, ಹಾಗೇ ತಾನೇ ಎಂದು ಕೇಳಿದರು. ಹಾಗೇ ಎಂದ ಡಾಕ್ಟರಮ್ಮ, ಆ ನಾಳಗಳನ್ನು ಬಾಡಿಸುವ ಔಷಧವಿದೆ, ಹನಿ ಹಾಕಿದರೆ ಅಷ್ಟು ಹಿಂದಕ್ಕೆ ಮುಟ್ಟುವುದಿಲ್ಲ, ಸಣ್ಣ ಸೂಜಿಯಿಂದ ಕಣ್ಣೊಳಗೇ ಬಿಡಬೇಕು, ಮೊದಮೊದಲು ತಿಂಗಳಿಗೊಮ್ಮೆ ಎಂದು ಹೇಳಿದರು.

ಕಣ್ಣೊಳಗೇ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಿಮ್ಮಪ್ಪ ಎದ್ದರು. ಡಾಕ್ಟರಮ್ಮನಿಗೆ ಬಹಳ ಮರ್ಯಾದೆಯಿಂದ ಕೈಮುಗಿದು, ಮೆಟ್ಟಿಲಿಳಿದು, ನೇರ ಬಸ್ ಸ್ಟಾಪಿಗೆ ಹೋಗಿ ನಿಂತುಬಿಟ್ಟರು.

ನಾನು ಹಿಂದೆಯೇ ಹೋದೆ. ಬೈಯಲಿಲ್ಲ, ಅಳಲೂ ಇಲ್ಲ. ಅವರು ಎದ್ದುಹೋದ ಮೇಲೆ ಡಾಕ್ಟರಮ್ಮ ನನಗೆ ಹೇಳಿದ್ದನ್ನು ಹೇಳಿದೆ. ಹೀಗೇ ಬಿಟ್ಟರೆ ಆ ಕಣ್ಣಿನ ನಡುವಿನ ನೋಟ ಅಳಿಸಿಹೋಗುತ್ತದೆ, ಅಂಚಿನದಷ್ಟೇ ಉಳಿಯುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಇನ್ನೊಂದು ಕಣ್ಣಿಗೂ ಬರಬಹುದು. ಅವರು ರಸ್ತೆ ನೋಡುತ್ತಾ ನಿಂತಿದ್ದರು. ಆಗ ನನ್ನ ಬಾಯಿಂದ ಒಂದು ಮಾತು ಬಂತು.

"ಮಗಳು ಹಡಗಿನಿಂದ ಇಳಿದು ಬಂದಾಗ ಅವಳ ಮುಖ ಬಿಟ್ಟು ಬರೀ ಕಿವಿ ನೋಡ್ತಾ ನಿಲ್ತೀರಾ?"

ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಇನ್ನೊಂದು ಬಂದಾಗ ಅದಕ್ಕೆ ಬೆನ್ನು ತಿರುಗಿಸಿ ಆಸ್ಪತ್ರೆಯ ಕಡೆ ನಡೆದರು. ನಾನು ಅವರ ಹಿಂದೆ ಓಡಬೇಕಾಯಿತು.

ಚುಚ್ಚುಮದ್ದಿನ ದಿನ ಒಳಗೆ ನಡೆದದ್ದೆಲ್ಲ ಅವರ ಬಾಯಲ್ಲೇ ಕೇಳಿದ್ದು. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿದರಂತೆ. ಕಂದು ಬಣ್ಣದ ಔಷಧದಿಂದ ಸುತ್ತ ತೊಳೆದು, ರೆಪ್ಪೆ ಮುಚ್ಚದಂತೆ ಪುಟ್ಟ ತಂತಿ ಸಿಕ್ಕಿಸಿ, ಬೇರೆ ಕಡೆ ನೋಡಿ ಎಂದರಂತೆ. ನಿಮ್ಮಪ್ಪ ಮಂಚದ ಕಂಬಿಯನ್ನು ಕಿತ್ತುಬರುವ ಹಾಗೆ ಹಿಡಿದುಕೊಂಡು, ಯಾವಾಗ ಚುಚ್ಚುತ್ತಾರೋ ಎಂದು ಕಾಯುತ್ತಲೇ ಇದ್ದರಂತೆ. ಬೆರಳಿನಿಂದ ಒತ್ತಿದಂತಾಯಿತು, ಅಷ್ಟೇ. ಮುಗಿಯಿತು ಏಳಿ ಎಂದಾಗ ನಂಬಲಿಲ್ಲವಂತೆ. ನಾನು ಹೊರಗೆ ಬೆಂಚಿನ ಮೇಲೆ ಧೈರ್ಯವಾಗಿಯೇ ಇದ್ದೆ.

ಸಂಜೆ ಕಣ್ಣು ಸ್ವಲ್ಪ ಉರಿಯಿತು, ಬಿಳಿಗುಡ್ಡೆಯ ಮೂಲೆ ಕೆಂಪಾಯಿತು, ಕರಿಗುಳ್ಳೆಗಳಂಥವು ತೇಲುವುದು ಕಂಡಿತು. ಎರಡು ದಿನ ಹೀಗಿರಬಹುದು, ನೋವು ಜಾಸ್ತಿಯಾದರೆ ಅಥವಾ ನೋಟ ಮಂಕಾದರೆ ತಡಮಾಡದೆ ಬನ್ನಿ ಎಂದು ಮೊದಲೇ ಹೇಳಿದ್ದರು. ಹಾಗೇನೂ ಆಗಲಿಲ್ಲ. ಮಾರನೆಯ ದಿನದಿಂದ ನಿಮ್ಮಪ್ಪನ ಜಂಬ ಹಿಡಿಯಲಾಗಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಕಣ್ಣು ಅಗಲಿಸಿ ತೋರಿಸಿದ್ದೇ ತೋರಿಸಿದ್ದು. ಮುಂದಿನ ಸಲ ಹೋದಾಗ, ಸರದಿಯಲ್ಲಿ ನಡುಗುತ್ತಾ ಕೂತಿದ್ದ ಒಬ್ಬ ನಿವೃತ್ತ ಪೊಲೀಸಿನವರ ಕೈ ಹಿಡಿದು ಬಾಗಿಲವರೆಗೂ ಬಿಟ್ಟುಬಂದರು.

ಆದರೆ ಸಾಲುಗಳು ಇನ್ನೂ ಬಾಗಿಯೇ ಇದ್ದವು. ಆ ಕಣ್ಣು ಮುಚ್ಚಿಕೊಂಡರೆ ಟೈಲ್ಸ್ ಇಳಿಸುವ ಅಂತರವೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಈಜುಕೊಳದ ಕೆಲಸ ಬಂತು. ಬಿಳಿ, ನೀಲಿ ಟೈಲ್ಸಿನಲ್ಲಿ ಗೋಡೆಯಿಂದ ಗೋಡೆಗೆ ಅಲೆಗಳು. ನಿಮ್ಮಪ್ಪ ಹಿಂದೆಂದೋ ಬರೆದುಕೊಟ್ಟ ಚಿತ್ರ ಈಗ ಒಪ್ಪಿಗೆಯಾಗಿತ್ತು. ಜೀವನವಿಡೀ ಇಂಥದ್ದೊಂದು ನೆಲ ಹಾಕಬೇಕು ಎನ್ನುತ್ತಿದ್ದವರು, ಆಗುವುದಿಲ್ಲವೆಂದು ಹೇಳಿಬರಲು ಅಂಗಿ ಹಾಕಿಕೊಂಡರು. ಅವರ ಮುಖ ನೋಡಲಾಗಲಿಲ್ಲ ಮಗಳೇ.

ನಾನು ಕೂರಿಸುತ್ತೇನೆ ಎಂದೆ.

ನಕ್ಕರು. ನಾನು ನಗಲಿಲ್ಲ. ನೀನು ಹುಟ್ಟುವ ಮೊದಲಿನಿಂದ ಅವರ ಪಕ್ಕ ಕೂತು ನೋಡಿದ್ದೇನೆ. ಕೈಗೆ ಅಭ್ಯಾಸವಿಲ್ಲದಿದ್ದರೂ ಕಣ್ಣಿಗೆ ಇತ್ತು. ಮೊದಲ ದಿನ ಅವರು ಸ್ಟೂಲಿನ ಮೇಲೆ ಕೂತು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಡತೊಡಗಿದರು. ಕರಣೆ ಹೀಗೆ ಹಿಡಿ, ಸುತ್ತಿಗೆ ಹಾಗಲ್ಲ, ರಸಮಟ್ಟ ಇಟ್ಟು ನೆಲ ಸಮವಿದೆಯೇ ನೋಡು. ಆ ಗಡಿಬಿಡಿಯಲ್ಲಿ ಮೂರು ಟೈಲ್ಸ್ ಮುರಿದೆ. ಕೊನೆಗೆ, ಧೂಳು ಕಣ್ಣಿಗೆ ಬೀಳಬಾರದೆಂದು ಡಾಕ್ಟರಮ್ಮ ಹೇಳಿಲ್ಲವೇ ಎಂದು ನೆಪ ತೆಗೆದು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ.

ಸಂಜೆ ಬಾಗಿಲು ತೆಗೆದಾಗ ನೆಲದಲ್ಲಿ ಒಂದು ನೀಲಿ ಅಲೆ ಮೂಡಿತ್ತು. ಚಿಕ್ಕದೇ. ನಿಮ್ಮಪ್ಪ ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಬಲಗಣ್ಣು ಮುಚ್ಚಿ, ಒಳ್ಳೆಯ ಎಡಗಣ್ಣಿನಿಂದ ಸಾಲುದ್ದಕ್ಕೂ ನೋಡಿದರು. ಬೆರಳಿನಿಂದ ಸಂದು ಸವರಿದರು. ಅವರು ಎದ್ದು, ನನ್ನ ಬಕೆಟ್ಟಿನ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಅಂಟು ಕಲಸತೊಡಗಿದರು.

"ಇಷ್ಟು ಗಟ್ಟಿ ಸಾಕಾ, ಮೇಸ್ತ್ರಿ?"

ಕರಣೆಯಲ್ಲಿ ಒಂದಿಷ್ಟು ಎತ್ತಿ ನೋಡಿ, ಸಾಕೆಂದು ತಲೆಯಾಡಿಸಿದೆ.

ಅವತ್ತಿನಿಂದ ನಾನು ಕೂರಿಸುವವಳು, ಅವರು ಕಲಸುವವರು. ನಿಮ್ಮಪ್ಪ ಕಲಸುವುದರಲ್ಲಿ ಅಷ್ಟಕ್ಕಷ್ಟೇ, ಗಂಟು ಬಿಡುತ್ತಾರೆ. ನಾನು ಮನಸ್ಸು ಬಿಚ್ಚಿ ಬೈದೆ. ಎಷ್ಟು ವರ್ಷದ ಬಾಕಿ ನೋಡು!

ಮೂರನೆಯ ಚುಚ್ಚುಮದ್ದಾದ ಮೇಲೆ ಡಾಕ್ಟರಮ್ಮ ಮತ್ತೆ ಆ ಚೌಕದ ಹಾಳೆ ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ. ಅವರು ಎಡಗಣ್ಣು ಮುಚ್ಚಿ ನೋಡಿದರು, ಹಾಳೆ ತಿರುಗಿಸಿ ನೋಡಿದರು. ಒಂದು ಮೂಲೆಯಲ್ಲಿ ಎಳೆಯಷ್ಟು ಓರೆ ಇದೆ, ಉಳಿದದ್ದೆಲ್ಲ ನೆಟ್ಟಗಿದೆ ಎಂದರು. ಅಡಿಯಲ್ಲಿದ್ದ ನೀರು ಇಂಗಿದೆಯಂತೆ. ಇದು ಬೇರುಸಹಿತ ಹೋಗುವ ಕಾಯಿಲೆಯಲ್ಲ, ಚುಚ್ಚುಮದ್ದು ಮುಂದುವರಿಸಲೇಬೇಕು, ನೋಡಿಕೊಂಡು ಅಂತರ ಹೆಚ್ಚಿಸೋಣ ಎಂದರು ಡಾಕ್ಟರಮ್ಮ. ನಿಮ್ಮಪ್ಪ ಎಷ್ಟು ಸಲ ಬೇಕಾದರೂ ಬರುತ್ತೇನೆ ಎಂದರು. ಬಸ್ ಸ್ಟಾಪಿಗೆ ಓಡಿದ್ದ ಮನುಷ್ಯ!

ಡಾಕ್ಟರಮ್ಮ ಹೇಳಿದಷ್ಟು ದಿನ ಕಾದು ನಿಮ್ಮಪ್ಪನೂ ಕರಣೆ ಹಿಡಿದರು. ಎದುರಿನ ಗೋಡೆಯಿಂದ ಅವರು, ಬಾಗಿಲಿನ ಕಡೆಯಿಂದ ನಾನು. ಮೊನ್ನೆ ಮಧ್ಯಾಹ್ನ ಅವರ ಅಲೆ, ನನ್ನ ಅಲೆ ಎದುರುಬದುರಾದವು. ಕೊನೆಯ ನೀಲಿ ಟೈಲ್ಸನ್ನು ಯಾರು ಕೂರಿಸಬೇಕೆಂದು ಸ್ವಲ್ಪ ಹೊತ್ತು ಜಗಳವಾಡಿ, ಇಬ್ಬರೂ ಒಂದೊಂದು ಬದಿ ಹಿಡಿದು ಇಳಿಸಿದೆವು. ಒಂದಿಷ್ಟೂ ಕೊರೆಯದೆ ಸರಿಯಾಗಿ ಕೂತಿತು. ಈಜುಕೊಳದ ಮ್ಯಾನೇಜರಮ್ಮ ಚಪ್ಪಲಿ ಬಿಟ್ಟು ಅಂಚಿನಲ್ಲಿ ನಿಂತು ನೋಡಿದರು, ಬೇಗ ಹೋಗುವ ಮನಸ್ಸೇ ಮಾಡಲಿಲ್ಲ. ಬೇರೆ ಕಡೆಯಿಂದ ಇನ್ನೊಂದು ಕೆಲಸಕ್ಕೆ ಕರೆ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬೇಕಂತೆ.

ನಾಳೆ ಬಾಗಿಲು ತೆರೆಯುತ್ತದೆ. ಒದ್ದೆ ಕಾಲಿನ ಮಕ್ಕಳು ನಮ್ಮ ಅಲೆಗಳ ಮೇಲೆ ಓಡುತ್ತಾರೆ. ನೀನು ಬೇಗ ಬಾ, ನಿನ್ನನ್ನೂ ಓಡಿಸುತ್ತೇನೆ. ಊಟ ಬಿಡಬೇಡ, ಎಂಜಿನ್ ಹತ್ತಿರ ಹುಷಾರು.

ನಿನ್ನ ಪ್ರೀತಿಯ
ಅಮ್ಮ (ಮೇಸ್ತ್ರಿ)

ತಾ.ಕ.: ಮಗಳೇ, ಇದು ನಾನು, ನಿಮ್ಮಪ್ಪ. ಅಂಚೆಗೆ ಹಾಕಿ ಬನ್ನಿ ಎಂದು ಕೊಟ್ಟಳು, ಅಂಟಿಸುವ ಮೊದಲು ಓದಿದೆ. ಬಲಗಣ್ಣೊಂದರಲ್ಲೇ ಓದಿದೆ, ಗಮನಿಸು. ಬರೆದದ್ದೆಲ್ಲ ನಿಜ, ಆದರೆ ಬೆಂಚಿನ ವಿಷಯ ಪೂರ್ತಿ ಬರೆದಿಲ್ಲ. ಮೊದಲ ಚುಚ್ಚುಮದ್ದಾಗಿ ನಾನು ಹೊರಗೆ ಬಂದರೆ, ನಿಮ್ಮಮ್ಮ ಮೂರ್ಛೆ ಹೋಗಿ ಆ ಬೆಂಚಿನ ಮೇಲೆ ಮಲಗಿದ್ದಳು, ಇಬ್ಬರು ನರ್ಸುಗಳು ಗಾಳಿ ಬೀಸುತ್ತಿದ್ದರು. ಒಂದು ಕಣ್ಣಿಗೆ ಮುಚ್ಚಳ ಹಾಕಿಕೊಂಡು ನಾನೇ ನೀರು ಚಿಮುಕಿಸಿದೆ. ಎಚ್ಚರವಾದವಳು ನನ್ನನ್ನು ನೋಡಿ, ನೋವಾಯಿತಾ ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದಳು. ಈಗ ಪ್ರತಿ ಸಲ ಆಸ್ಪತ್ರೆಯವರು ನನಗಿಂತ ಮೊದಲು ಅವಳಿಗೆ ಮಂಚ ಕೊಡುತ್ತಾರೆ. ನಾನು ಹೇಳಿದೆ ಎಂದು ಹೇಳಬೇಡ.