ಲಾಡಿಯ ಗುರುತು

ದೇರಾ, ದುಬೈ
೧೩ ಜನವರಿ ೨೦೨೬, ಮಂಗಳವಾರ

ಇವರೇ,

ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀರಿ. ಅದಕ್ಕೇ ಕಾಗದ. ನಮ್ಮ ಸೀರೆ ಅಂಗಡಿಯ ಸಫೀರ ನಿಮ್ಮ ಅಬುಧಾಬಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹುಡುಗ ಸಭ್ಯ, ಆದರೂ ಗಟ್ಟಿಯಾಗಿ ಅಂಟಿಸಿದ್ದೇನೆ.

ಭಾನುವಾರ ನೀವು ಮರೆತು ಹೋದ ಸ್ಟುಡಿಯೊ ಬ್ಯಾಗಿನಲ್ಲಿ, ಪಾಸ್‌ಪೋರ್ಟ್ ಫೋಟೊದ ಕಾಗದದ ಕೆಳಗೆ, ಆ ಜಪಾನಿ ಹೆಂಗಸರ ಫೋಟೊ ಪುಸ್ತಕ ಸಿಕ್ಕಿತು. ಮೊದಲು ಸಿಟ್ಟು ಬಂತು. ಆಮೇಲೆ ಚಾ ಮಾಡಿಕೊಂಡು ಕೂತು ಪೂರ್ತಿ ನೋಡಿದೆ. ಪಕ್ಕದ ಕೋಣೆಯ ಬ್ರೆಂಡಾ ಇಣುಕಿ, ಎಂಥ ಮಾರಾಯ್ತಿ ಇದು, ಯಾರಾದ್ರೂ ಕಂಡ್ರೆ ಖಲಾಸ್ ಎಂದು ಗದರಿದಳು. ಹಾಗೆಂದವಳು ಪುಸ್ತಕ ಕಸಿದುಕೊಂಡು, ಕೊನೆಯ ಪುಟ ಮುಗಿಯುವವರೆಗೆ ವಾಪಸ್ ಕೊಡಲಿಲ್ಲ.

ಚಂದ ಉಂಟು. ಬಿಚ್ಚಿದ್ದಕ್ಕಿಂತ ಬಚ್ಚಿಟ್ಟದ್ದೇ ಹೆಚ್ಚು. ಒಂದರಲ್ಲಿ ಬರೀ ಬೆನ್ನು, ಎದುರಿನ ಗಾಜಿನ ಮೇಲೆ ಉಸಿರಿನ ಮಂಜು. ಇನ್ನೊಂದರಲ್ಲಿ ನನ್ನ ಪ್ರಾಯದವಳು ಆಗಷ್ಟೇ ಕಿಮೊನೊ ಕಳಚಿ ಕೂತಿದ್ದಾಳೆ. ಸೊಂಟದ ಸುತ್ತ ದಾರ ಕಟ್ಟಿದ್ದ ಜಾಗದಲ್ಲಿ ಕೆಂಪು ಗೆರೆ. ಫೋಟೊ ತೆಗೆದವನು ಅದನ್ನು ಅಳಿಸಿಲ್ಲ, ಬೆಳಕನ್ನು ಅಲ್ಲಿಗೇ ಬಿಟ್ಟಿದ್ದಾನೆ. ಅವಳಿಗೆ ಮುಜುಗರವಿಲ್ಲ, ಅವನಿಗೆ ಅವಸರವಿಲ್ಲ.

ನನ್ನ ನೆಮ್ಮದಿ ಹೋದದ್ದು ಅಲ್ಲಿ. ನೈಫ್ ಬೀದಿಯ ಅಂಗಡಿಯಲ್ಲಿ ದಿನವಿಡೀ ಸೀರೆ ಉಟ್ಟು ನಿಂತು ಬರುವವಳಿಗೆ ಲಂಗದ ಲಾಡಿಯ ಗುರುತು ಹೀಗೆಯೇ ಇರುತ್ತದೆ. ನೀವು ಕಂಡಿಲ್ಲ. ವಾರಕ್ಕೊಮ್ಮೆ ಬರುತ್ತೀರಿ, ಮೊದಲು ದೀಪ ಆರಿಸುತ್ತೀರಿ. ಈಗ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಗಿರಾಕಿ ನೀಲಿ ಕೇಳಿದರೆ ಹಸಿರು ಬಿಡಿಸಿ ತೋರಿಸುತ್ತೇನೆ.

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ನೀವು ತೆಗೆದ ನನ್ನ ಫೋಟೊ ನೆನಪಿದೆಯಾ? ಕಂಪ್ಯೂಟರಿನಲ್ಲಿ ಕತ್ತಿನ ಗೆರೆ ಮಾಯ, ಕೆನ್ನೆಯ ಕಲೆ ಮಾಯ, ಅರ್ಧ ಪ್ರಾಯವೇ ಮಾಯ. ಮಣಿಪಾಲದಿಂದ ಮಗಳು ದೀಕ್ಷಿತಾ, ಅಮ್ಮಾ, ಹೂ ಈಸ್ ದಿಸ್ ಆಂಟಿ ಎಂದು ಕೇಳಿದಳು. ನೀವು ನಕ್ಕಿರಿ. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡೆ.

ಇಂಥ ಪುಸ್ತಕ ಸಿಕ್ಕಿದರೆ ಹೆಂಡತಿಯರು ಜಗಳ ಮಾಡುತ್ತಾರಂತೆ. ನನ್ನ ಜಗಳ ಬೇರೆ. ಆ ಹೆಂಗಸಿನ ಗೆರೆಯನ್ನು ಕದ್ದು ನೋಡುತ್ತೀರಿ, ನನ್ನ ಗೆರೆಗಳನ್ನು ಅಳಿಸಿಬಿಡುತ್ತೀರಿ.

ಶನಿವಾರ ಬರುವಾಗ ಕ್ಯಾಮರಾ ತನ್ನಿ, ಕಂಪ್ಯೂಟರ್ ಬೇಡ. ಬ್ರೆಂಡಾ ಇಗರ್ಜಿಗೆ ಹೋಗಿರುತ್ತಾಳೆ. ಪರದೆ ಅರ್ಧ ಸರಿಸಿಡುತ್ತೇನೆ. ನಾಚಿಕೆಯಾದರೆ ನೀವು ಕ್ಯಾಮರಾದ ಹಿಂದೆ ಅಡಗಬಹುದು; ನನಗೆ ಆ ಸೌಕರ್ಯವಿಲ್ಲ.

ನಿಮ್ಮ
ಲೋಲಾಕ್ಷಿ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಬ್ರೆಂಡಾ ನಿನ್ನೆ ತನ್ನ ಮೊಬೈಲಿನಲ್ಲಿ ನನ್ನದೊಂದು ಫೋಟೊ ತೆಗೆದಳು. ಸೊಂಟ, ಗೆರೆ, ಬೆಳಕು ಎಲ್ಲ ಚೆನ್ನಾಗಿಯೇ ಬಂದಿತ್ತು. ಆದರೂ ಅಳಿಸಿಸಿದೆ. ಅದರಲ್ಲಿ ನಾನು ಬ್ರೆಂಡಾಳನ್ನು ನೋಡಿ ನಗುತ್ತಿದ್ದೆ. ನೀವು ನೋಡುವಾಗ ನನ್ನ ಮುಖ ಹೇಗಿರುತ್ತದೆಂದು ನನಗೆ ಮರೆತುಹೋಗಿದೆ.